ದೇವರಿದ್ದಾನೆಂದು ನಿಮಗೆ ಹೇಗೆ ಗೊತ್ತು? ವಿಜಯಪುರ–ಬಾಗಲಕೋಟೆ ಬಳಗದ ಮುಸ್ಲಿಂ ಸದಸ್ಯರಿಗೆ ಸಂದೇಹವಾದಿಗಳ ಪ್ರಶ್ನೆಗಳು

ಜೋಳದರೊಟ್ಟಿ (ವಿಜಯಪುರ)

ನಮ್ಮ ಬಳಗದಾಗ ದೇವರ ಮಾತು ಬಂದಾಗೆಲ್ಲ ಎರಡ ಮಾತಿಗೆ ಜಗಳಾಗಿ ಮುಗೀತೈತಿ. ಈ ಸಲ ಹಂಗ ಬ್ಯಾಡ. ಇಲ್ಲಿ ಐದು ಹೊತ್ತು ನಮಾಜು ಮಾಡೋರು, ಅದರ ಶಾಸ್ತ್ರ ಓದಿಕೊಂಡವರು ಅದಾರ. ಅವರಿಗೆ ನೇರ ಕೇಳ್ತೀನಿ.

ಒಂದು, ದೇವರು ಇದ್ದಾನ ಅನ್ನೋದಕ್ಕ ನಿಮ್ಮ ಕಡೆ ಇರೋ ಅತ್ಯಂತ ಗಟ್ಟಿ ವಾದ ಯಾವುದು? "ಗೋಲ್ ಗುಮ್ಮಟ ತಾನ ಎದ್ದು ನಿಂತೈತೇನು, ಕಟ್ಟಿದಾಂವ ಇರಬೇಕಲ್ಲ" ಅನ್ನೋದು ಬ್ಯಾಡ್ರಿ, ಅದನ್ನ ಎಲ್ಲಾರೂ ಕೇಳ್ಯಾರ. ಎರಡು, ಇವತ್ತಿನ ವಿಜ್ಞಾನ ಎಲ್ಲಾ ಕುರಾನಿನಾಗ ಮೊದಲ ಬರದೈತಿ ಅಂತಾರಲ್ಲ, ನೀವೂ ಒಪ್ತೀರೇನು? ಮೂರು, ಮಳಿಗಾಗಿ ನಮಾಜು ಮಾಡಿದ್ರ ಮಳಿ ಬರತೈತೇನು? ನಾಕು, ನಿಮ್ಮ ನಂಬಿಕಿ ತಪ್ಪು ಅಂತ ತೋರಸಾಕ ಏನು ಬೇಕು?

ಬಾದಾಮಿಕಲ್ಲು (ಬಾಗಲಕೋಟೆ)

ಗುಮ್ಮಟದ ವಾದ ಏಕೆ ನಿಲ್ಲುವುದಿಲ್ಲ ಎಂದು ಮೊದಲೇ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದೆ ಎಲ್ಲೋ ಮತ್ತೆ ಬರುತ್ತದೆ.

ಬಾದಾಮಿಯ ಅಗಸ್ತ್ಯ ತೀರ್ಥದ ದಕ್ಷಿಣದ ಗುಡ್ಡ ಪೂರ್ತಿ ಕೆಂಪು ಮರಳುಗಲ್ಲು. ಅದರಲ್ಲಿ ನೆಟ್ಟಗೆ ಇಳಿದ ಸೀಳುಗಳಿವೆ, ಚಾಚಿದ ಚಪ್ಪರದಂಥ ಬಂಡೆಗಳಿವೆ. ಬಿರುಕಿನಲ್ಲಿ ನೀರಿಳಿದು, ಮೆತ್ತನೆಯ ಪದರ ಸವೆದು, ಗಟ್ಟಿ ಪದರ ಉಳಿದು ಆದದ್ದು ಅವು. ಅದೇ ಗುಡ್ಡದಲ್ಲಿ ನಾಲ್ಕು ಗುಹಾಲಯಗಳೂ ಇವೆ. ಎರಡನ್ನೂ ಬೇರೆ ಮಾಡುವುದು ಹೇಗೆ? ಗುಹಾಲಯದಲ್ಲಿ ಉಳಿಯ ಗುರುತಿದೆ, ಅಳತೆ ಹಿಡಿದ ಕಂಬಗಳ ಸಾಲಿದೆ, ಮೂರನೆಯದರಲ್ಲಿ ಚಾಲುಕ್ಯ ಮಂಗಲೇಶ ಬರೆಸಿದ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. "ಇದನ್ನು ಯಾರೋ ಮಾಡಿದ್ದಾರೆ" ಎಂದು ನಾವು ಹೇಳುವುದು ಅದು ಜಟಿಲವಾಗಿದೆ ಎಂದಲ್ಲ, ಮನುಷ್ಯರು ಕಲ್ಲು ಕಡಿಯುವ ರೀತಿ ನಮಗೆ ಮೊದಲೇ ಗೊತ್ತು ಎಂದು. ಮುಹಮ್ಮದ್ ಆದಿಲ್ ಶಾಹನ ಗುಮ್ಮಟದ ಮಾತೂ ಅಷ್ಟೇ. ಇಡೀ ಜಗತ್ತಿನ ವಿಷಯದಲ್ಲಿ ಹಾಗಲ್ಲ. ಪಕ್ಕದಲ್ಲಿಟ್ಟು ಹೋಲಿಸಲು "ಯಾರೂ ಮಾಡದ ಜಗತ್ತು" ಇನ್ನೊಂದು ನಮ್ಮ ಬಳಿ ಇಲ್ಲ.

ಕಿಬ್ಲಾ_283 (ವಿಜಯಪುರ)

ಬಾದಾಮಿಕಲ್ಲು ಅವರ ಆಕ್ಷೇಪ ಸರಿ. ಆ ವಾದವನ್ನು ನಾನು ಬಳಸುವುದಿಲ್ಲ. ಇಸ್ಲಾಮಿನ ಚಿಂತಕರಲ್ಲಿ ಅದಕ್ಕಿಂತ ಬಿಗಿಯಾದ ವಾದ ಇಬ್ನ್ ಸೀನಾ ಅವರದು (ಮರಣ 1037). ಹೆಜ್ಜೆ ಹೆಜ್ಜೆಯಾಗಿ ಇಡುತ್ತೇನೆ, ಯಾವ ಹೆಜ್ಜೆಯಲ್ಲಿ ಒಪ್ಪುವುದಿಲ್ಲ ಎಂದು ಗುರುತಿಸಿ ಹೇಳಿ.

ಇರುವ ವಸ್ತುಗಳಲ್ಲಿ ಕೆಲವಾದರೂ ಇಲ್ಲದೇ ಇರಬಹುದಿತ್ತು. ನಾನು, ನೀವು, ಕೃಷ್ಣಾ ನದಿ, ಸೂರ್ಯ. ಇಲ್ಲದೇ ಇರಬಹುದಾಗಿದ್ದ ವಸ್ತು ಇದೆ ಎಂದರೆ ಅದು ಇರುವುದಕ್ಕೆ ಅದರ ಹೊರಗೆ ಒಂದು ಕಾರಣ ಬೇಕು. ಇಂಥ ವಸ್ತುಗಳನ್ನೆಲ್ಲ ಒಟ್ಟುಗೂಡಿಸಿದರೂ, ಆ ಸಾಲು ಹಿಂದಕ್ಕೆ ಕೊನೆಯೇ ಇಲ್ಲದಂತೆ ಹೋದರೂ, ಒಟ್ಟು ಸಾಲು ಏಕೆ ಇದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆ ಉತ್ತರ ಸಾಲಿನೊಳಗಿನ ವಸ್ತುವಾಗಿರಲಾರದು. ಆದ್ದರಿಂದ ಇಲ್ಲದೇ ಇರಲು ಸಾಧ್ಯವೇ ಇಲ್ಲದ ಒಂದು ಅಸ್ತಿತ್ವವಿದೆ.

ಗಮನಿಸಿ, ಇಲ್ಲಿ "ಜಗತ್ತು ಒಂದು ದಿನ ಶುರುವಾಯಿತು" ಎಂದು ಎಲ್ಲೂ ಹೇಳಿಲ್ಲ. ಇಬ್ನ್ ಸೀನಾ ಜಗತ್ತು ಅನಾದಿ ಎಂದೇ ನಂಬಿದ್ದರು, ಅದಕ್ಕೇ ದೇವತಾಶಾಸ್ತ್ರಜ್ಞ ಗಝಾಲಿ (1058–1111) ಅವರನ್ನು ಕಟುವಾಗಿ ಖಂಡಿಸಿದರು. "ಶುರುವಾದದ್ದಕ್ಕೆಲ್ಲ ಕಾರಣವಿದೆ, ಜಗತ್ತು ಶುರುವಾಯಿತು" ಎನ್ನುವುದು ಗಝಾಲಿ ಕಡೆಯ ವಾದ. ಈಗಿನ ಯೂಟ್ಯೂಬ್ ಭಾಷಣಗಳಲ್ಲಿ ಎರಡನ್ನೂ ಕಲಸಿ ಮಹಾಸ್ಫೋಟಕ್ಕೆ ಜೋಡಿಸುತ್ತಾರೆ. ಅದು ಅಪಾಯದ ಕೆಲಸ, ಭೌತಶಾಸ್ತ್ರದ ಸಿದ್ಧಾಂತ ನಾಳೆ ತಿದ್ದುಪಡಿಯಾದರೆ ನಂಬಿಕೆಯನ್ನೂ ತಿದ್ದಬೇಕಾಗುತ್ತದೆ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಹೊಸ ವಿಶ್ವವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದಾಗ ಕಸಿವಿಸಿಪಟ್ಟವರು ಆ ಸಿದ್ಧಾಂತ ಮಂಡಿಸಿದ ಲೆಮೈತ್ರ್ ಅವರೇ, ಸ್ವತಃ ಪಾದ್ರಿ.

ಬಾದಾಮಿಕಲ್ಲು

ಎರಡನೆಯ ಮತ್ತು ಮೂರನೆಯ ಹೆಜ್ಜೆಯಲ್ಲಿ ನಾನು ನಿಲ್ಲುತ್ತೇನೆ.

ಬಿಡಿ ವಸ್ತುಗಳಿಗೆ ಕಾರಣ ಇದೆ ಎಂದಮಾತ್ರಕ್ಕೆ ಒಟ್ಟಿಗೂ ಒಂದು ಕಾರಣ ಇರಬೇಕೆಂದು ಹೇಗೆ? 1948ರ ಬಿಬಿಸಿ ರೇಡಿಯೋ ಚರ್ಚೆಯಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಎತ್ತಿದ್ದು ಇದನ್ನೇ. ಪ್ರತಿ ಮನುಷ್ಯನಿಗೂ ತಾಯಿ ಇದ್ದಾಳೆ, ಹಾಗೆಂದು ಮನುಷ್ಯಕುಲಕ್ಕೆ ಒಬ್ಬ ತಾಯಿ ಇಲ್ಲ. ಎರಡನೆಯದು, ಎಲ್ಲಕ್ಕೂ ವಿವರಣೆ ಇರಲೇಬೇಕು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಅದು ನಿಮಗೇ ತಿರುಗುತ್ತದೆ. ದೇವರು ಅನಿವಾರ್ಯ, ಅವನ ಇಚ್ಛೆಯೂ ಅನಿವಾರ್ಯ ಎಂದರೆ ಆ ಇಚ್ಛೆಯಿಂದ ಬಂದ ಜಗತ್ತೂ ಅನಿವಾರ್ಯವಾಯಿತು. ಆಗ "ಇಲ್ಲದೇ ಇರಬಹುದಿತ್ತು" ಎಂಬ ನಿಮ್ಮ ಮೊದಲ ಹೆಜ್ಜೆಯೇ ಬಿತ್ತು. ದೇವರು ಬೇರೆ ರೀತಿ ಇಚ್ಛಿಸಬಹುದಿತ್ತು ಎಂದರೆ, ಹೀಗೇ ಏಕೆ ಇಚ್ಛಿಸಿದ ಎಂಬುದಕ್ಕೆ ವಿವರಣೆ ಇಲ್ಲದಂತಾಯಿತು. ಅಲ್ಲಿ ವಿವರಣೆ ಬೇಡ ಎನ್ನುವುದಾದರೆ ಜಗತ್ತಿನಲ್ಲೇ ಏಕೆ ನಿಲ್ಲಬಾರದು?

ಕಿಬ್ಲಾ_283

ತಾಯಿಯ ಉದಾಹರಣೆಗೆ ಉತ್ತರವಿದೆ. ಕೆಲವು ಗುಣ ಬಿಡಿಯಿಂದ ಒಟ್ಟಿಗೆ ಹರಿಯುವುದಿಲ್ಲ, ಕೆಲವು ಹರಿಯುತ್ತವೆ. ಗೋಡೆಯ ಪ್ರತಿ ಇಟ್ಟಿಗೆ ಚಿಕ್ಕದು, ಗೋಡೆ ಚಿಕ್ಕದಲ್ಲ. ಪ್ರತಿ ಇಟ್ಟಿಗೆ ಕೆಂಪು, ಗೋಡೆಯೂ ಕೆಂಪು. ಇಲ್ಲದೇ ಇರಬಹುದಾಗಿದ್ದ ಭಾಗಗಳಿಂದಲೇ ಆದದ್ದು ತಾನೂ ಇಲ್ಲದೇ ಇರಬಹುದಿತ್ತು ಎನ್ನುವುದು ಎರಡನೇ ಜಾತಿಗೆ ಸೇರುತ್ತದೆ ಎಂಬುದು ನನ್ನ ನಿಲುವು.

ಇಚ್ಛೆಯ ಪ್ರಶ್ನೆ ನಿಜಕ್ಕೂ ಕಠಿಣ. ಗಝಾಲಿ ಹೇಳುವುದು, ಸಮಾನವಾದ ಎರಡರಲ್ಲಿ ಒಂದನ್ನು ಆರಿಸುವುದೇ ಇಚ್ಛೆಯ ಸ್ವಭಾವ, ಅದಕ್ಕೆ ಹೊರಗಿನ ಕಾರಣ ಬೇಕಿಲ್ಲ ಎಂದು. ಒಂದೇ ಥರದ ಎರಡು ಖರ್ಜೂರ ಮುಂದಿಟ್ಟರೆ ಹಸಿದವನು ಒಂದನ್ನು ಎತ್ತಿಕೊಳ್ಳುತ್ತಾನೆ ಎಂಬುದು ಅವರದೇ ಉದಾಹರಣೆ. ತತ್ವಜ್ಞಾನಿ ಇಬ್ನ್ ರುಶ್ದ್ (1126–1198) ಇದನ್ನು ಒಪ್ಪಲಿಲ್ಲ. ನಿಮ್ಮ ಆಕ್ಷೇಪ ಹೊರಗಿನವರದಲ್ಲ, ನಮ್ಮ ಪರಂಪರೆಯೊಳಗೇ ನಡೆದ ವಾದ. ಅದು ಮುಗಿದಿದೆ ಎಂದು ನಾನು ಹೇಳುವುದಿಲ್ಲ.

ಜೋಳದರೊಟ್ಟಿ

ದೇವರನ್ನ ಯಾರು ಮಾಡಿದ್ರು ಅಂತ ಕೇಳಿದ್ರ "ಸೈತಾನನ ಪ್ರಶ್ನೆ, ಅಲ್ಲೇ ನಿಲ್ಲಸು" ಅಂತ ಹದೀಸಿನಾಗ (ಪ್ರವಾದಿಯ ಮಾತಿನ ದಾಖಲೆಯೊಳಗ) ಐತಿ ಅಂತಾರ. ಪ್ರಶ್ನೆ ಕೇಳಬ್ಯಾಡ ಅನ್ನೋದು ಉತ್ತರ ಹೆಂಗಾತು?

ಕಿಬ್ಲಾ_283

ಹದೀಸ್ ಇರುವುದು ನಿಜ, ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಅದು ಮನಸ್ಸಿನಲ್ಲಿ ಸುತ್ತುತ್ತಲೇ ಇರುವ ತಳಮಳಕ್ಕೆ ಹೇಳಿದ ಉಪಾಯ, ತರ್ಕದ ಉತ್ತರವಲ್ಲ. ತರ್ಕದ ಉತ್ತರ ಮೇಲಿನ ವಾದದಲ್ಲೇ ಇದೆ: "ಇಲ್ಲದೇ ಇರಲು ಸಾಧ್ಯವಿಲ್ಲದ್ದು" ಎಂದು ತೀರ್ಮಾನವಾದ ಮೇಲೆ ಅದನ್ನು ಮಾಡಿದವರಾರು ಎಂಬ ಪ್ರಶ್ನೆಗೆ ಜಾಗವಿಲ್ಲ. ವಾದವೇ ಸೋತಿದ್ದರೆ ಪ್ರಶ್ನೆ ಉಳಿಯುತ್ತದೆ. ಈ ಹದೀಸನ್ನು ಮಕ್ಕಳ ಬಾಯಿ ಮುಚ್ಚಿಸಲು ಬಳಸುವುದು ತಪ್ಪು. ಮುಸ್ಲಿಂ ಸಂಗ್ರಹದಲ್ಲೇ ಇನ್ನೊಂದಿದೆ: ಬಾಯಿಬಿಟ್ಟು ಹೇಳಲೂ ಅಂಜುವಂಥ ಸಂದೇಹ ಮನಸ್ಸಿಗೆ ಬರುತ್ತವೆ ಎಂದು ಸಹಾಬಿಗಳು (ಪ್ರವಾದಿಯವರ ಸಂಗಡಿಗರು) ಹೇಳಿಕೊಂಡಾಗ, ಪ್ರವಾದಿಯವರು ಅದೇ ಸ್ಪಷ್ಟ ಈಮಾನ್ (ನಂಬಿಕೆ) ಎಂದರು. ಕುರಾನಿನ 2:260ರಲ್ಲಿ ಇಬ್ರಾಹೀಮರು ಸತ್ತವರನ್ನು ಹೇಗೆ ಎಬ್ಬಿಸುತ್ತೀ, ತೋರಿಸು ಎಂದು ದೇವರನ್ನೇ ಕೇಳುತ್ತಾರೆ. ನಂಬಿಕೆ ಇಲ್ಲವೇ ಎಂದರೆ, ಇದೆ, ಮನಸ್ಸಿಗೆ ಸಮಾಧಾನವಾಗಲಿ ಎಂದು ಎನ್ನುತ್ತಾರೆ. ಅವರನ್ನು ಗದರಿಸಲಿಲ್ಲ, ತೋರಿಸಲಾಯಿತು.

ಸಿಂದಗಿ_ಓದುಗ

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನಾನೂ ಮುಸ್ಲಿಮನೇ. "ವೈಜ್ಞಾನಿಕ ಪವಾಡ"ಗಳ ಪಟ್ಟಿಯನ್ನು ನಂಬಿಕೆಗೆ ಆಧಾರ ಮಾಡಿಕೊಳ್ಳಬೇಡಿ ಎಂದು ನಮ್ಮ ಹುಡುಗರಿಗೆ ಹೇಳಬೇಕಾಗಿದೆ.

ಎಲ್ಲಿ ಕೆಡುತ್ತದೆ ಎಂದರೆ, ಶೋಧ ಮೊದಲಾಗುತ್ತದೆ, ಆಮೇಲೆ ಆಯತ್ (ಕುರಾನಿನ ವಾಕ್ಯ) ಹುಡುಕುತ್ತಾರೆ. ಆ ಆಯತ್ ಓದಿ ಶೋಧ ಮಾಡಿದವರಿಲ್ಲ. ಭ್ರೂಣದ ಹಂತಗಳ ಬಗ್ಗೆ 23:14 ತೋರಿಸುತ್ತಾರೆ. ಹಂತಹಂತವಾಗಿ ಬೆಳೆಯುತ್ತದೆ ಎಂಬುದನ್ನು ಗ್ರೀಕ್ ವೈದ್ಯ ಗ್ಯಾಲೆನ್ ಎರಡನೇ ಶತಮಾನದಲ್ಲೇ ಬರೆದಿದ್ದರು. ಮೂಳೆಯಾದ ಮೇಲೆ ಮಾಂಸದ ಹೊದಿಕೆ ಎಂಬುದನ್ನು ಕಾಲಕ್ರಮವಾಗಿ ಓದಿದರೆ ಇವತ್ತಿನ ಭ್ರೂಣಶಾಸ್ತ್ರದ ಜೊತೆ ಕೂಡುವುದಿಲ್ಲ, ಮೂಳೆಯಾಗುವ ಮೃದ್ವಸ್ಥಿ ಮತ್ತು ಸ್ನಾಯು ಹೆಚ್ಚುಕಡಿಮೆ ಜೊತೆಜೊತೆಗೇ ಬೆಳೆಯುತ್ತವೆ. ಆಯತ್ತಿನ ಉದ್ದೇಶ ನಿನ್ನ ಮೂಲ ಎಷ್ಟು ಸಣ್ಣದು ನೋಡು ಎಂದು ಎಚ್ಚರಿಸುವುದು. ಅದನ್ನು ಪಠ್ಯಪುಸ್ತಕ ಮಾಡಿದರೆ ಎರಡಕ್ಕೂ ನಷ್ಟ.

ಸಂಖ್ಯೆಯ ಪವಾಡ ಇನ್ನೂ ಕೆಟ್ಟದ್ದು. ರಶಾದ್ ಖಲೀಫಾ 1974ರಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಎಣಿಸಿ ಇಡೀ ಕುರಾನ್ 19ರ ಲೆಕ್ಕದಲ್ಲಿದೆ ಎಂದರು. ಜಗತ್ತಿನಾದ್ಯಂತ ಮುಸ್ಲಿಮರು ಹೆಮ್ಮೆಪಟ್ಟರು. ಕೊನೆಗೆ ಲೆಕ್ಕ ಕೂಡಲಿಲ್ಲವೆಂದು ಒಂಬತ್ತನೇ ಸೂರಾದ (ಅಧ್ಯಾಯದ) ಕೊನೆಯ ಎರಡು ಆಯತ್, 128 ಮತ್ತು 129, ಕುರಾನಿನವೇ ಅಲ್ಲ ಎಂದುಬಿಟ್ಟರು, ತಾನೇ ದೇವರ ಸಂದೇಶವಾಹಕ ಎಂದೂ ಹೇಳಿಕೊಂಡರು. ಲೆಕ್ಕಕ್ಕಾಗಿ ಗ್ರಂಥವನ್ನೇ ಕತ್ತರಿಸಿದ ಹಾಗಾಯಿತು. ದೊಡ್ಡ ಪಠ್ಯ, ಎಣಿಸುವ ಹತ್ತಾರು ದಾರಿ, ಕೂಡಿದ್ದನ್ನು ಮಾತ್ರ ಹೇಳುವ ಸ್ವಾತಂತ್ರ್ಯ, ಈ ಮೂರೂ ಇದ್ದರೆ ಯಾವ ಪುಸ್ತಕದಲ್ಲಾದರೂ ಯಾವ ಅಂಕಿಯಾದರೂ ಸಿಗುತ್ತದೆ.

ಬಾದಾಮಿಕಲ್ಲು

ಹಾಗಾದರೆ ಕುರಾನಿನ "ಒಂದಕ್ಷರವೂ ಬದಲಾಗಿಲ್ಲ" ಎಂಬ ಮಾತು? ಇದು ಪರೀಕ್ಷೆಗೆ ಸಿಗುವ ಮಾತು.

ಸಿಂದಗಿ_ಓದುಗ

ಸಿಗುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರಾನಿನ ಎರಡು ಹಾಳೆಗಳ ಚರ್ಮಕ್ಕೆ ರೇಡಿಯೋಕಾರ್ಬನ್ ಪರೀಕ್ಷೆಯಲ್ಲಿ 568ರಿಂದ 645ರ ನಡುವಿನ ಕಾಲ ಬಂತು, ಶೇ. 95.4ರ ಭರವಸೆಯಲ್ಲಿ. 2015ರಲ್ಲಿ ಪ್ರಕಟವಾಯಿತು. ಅದು ಪ್ರಾಣಿ ಸತ್ತ ಕಾಲ, ಶಾಯಿ ಹಚ್ಚಿದ ಕಾಲವಲ್ಲ ಎಂಬುದನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ. ಆದರೂ ಪಠ್ಯ ಬಹಳ ಹಳೆಯದು ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಇನ್ನೊಂದು ಕಡೆ, 1972ರಲ್ಲಿ ಯೆಮೆನ್‌ನ ಸನಾ ನಗರದ ದೊಡ್ಡ ಮಸೀದಿಯಲ್ಲಿ ಸಿಕ್ಕ ಹಳೆಯ ಹಾಳೆಗಳ ರಾಶಿಯಲ್ಲಿ ಕುರಾನಿನ ಒಂದು ಪ್ರತಿ ಅಳಿಸಿ ಮತ್ತೆ ಬರೆದದ್ದು. ಕೆಳಗಿನ ಅಳಿಸಿದ ಬರಹದಲ್ಲಿ ಕೆಲವು ಪದ ಬೇರೆ, ಸೂರಾಗಳ ಕ್ರಮ ಬೇರೆ. ಸಂಗತಿ ಬೇರೆ ಧರ್ಮವಾಗುವಷ್ಟು ಬದಲಿಲ್ಲ, ಆದರೆ ಬದಲೇ ಇಲ್ಲ ಎನ್ನಲಾಗದು. ಪಠಣದ ಭೇದಗಳನ್ನಂತೂ ವಿದ್ವಾಂಸರು ಎಂದೂ ಮುಚ್ಚಿಟ್ಟಿಲ್ಲ. ಇಬ್ನ್ ಮುಜಾಹಿದ್ (ಮರಣ 936) ಏಳು ಪಠಣ ಪರಂಪರೆಗಳನ್ನು ಗೊತ್ತುಮಾಡಿದರು. ನಮ್ಮಲ್ಲಿ ಓದುವುದು ಹಫ್ಸ್ ಪಾಠ, ಮೊರಾಕ್ಕೊ ಕಡೆ ವರ್ಶ್. 1924ರ ಕೈರೋ ಮುದ್ರಣದ ನಂತರ ಹಫ್ಸ್ ಎಲ್ಲೆಡೆ ಹಬ್ಬಿತು. ಆದ್ದರಿಂದ ಸರಿಯಾದ ಮಾತು ಇಷ್ಟು: ಬಹಳ ಮುಂಚೆ ಸ್ಥಿರವಾದ, ಬಹಳ ಎಚ್ಚರದಿಂದ ದಾಟಿಸಿದ ಪಠ್ಯ. ಅದು ದೇವರಿಂದ ಬಂತೇ ಎಂಬುದನ್ನು ಹಸ್ತಪ್ರತಿ ಹೇಳಲಾರದು.

ಶರಣಸಂಗಮ (ಹುನಗುಂದ)

ವಿಜಯಪುರದ ಆಸಾರ್ ಮಹಲಿನಲ್ಲಿ ಪ್ರವಾದಿಯ ಗಡ್ಡದ ಕೂದಲಿದೆ ಎನ್ನುತ್ತಾರೆ. ಅದಕ್ಕೂ ಇಂಥ ಪರೀಕ್ಷೆ ಹಚ್ಚುತ್ತೀರಾ? ಮತ್ತೆ ನಮ್ಮ ಹಳ್ಳಿಗಳ ಅಲೆ ಹಬ್ಬ (ಮೊಹರಂ), ಪಂಜಾ, ದರ್ಗಾದ ಹರಕೆ ಇವೆಲ್ಲ ನಿಮ್ಮ ಏಕದೇವ ನಂಬಿಕೆಯಲ್ಲಿ ಎಲ್ಲಿ ಕೂಡುತ್ತವೆ?

ಸಿಂದಗಿ_ಓದುಗ

ಹದೀಸಿಗೆ ಹಚ್ಚುವ ಕಟ್ಟುನಿಟ್ಟು, ಅಂದರೆ ಯಾರು ಯಾರಿಂದ ಕೇಳಿದರು ಎಂಬ ಕಡಿಯದ ಸರಪಳಿ, ಅಂಥದ್ದು ಇಲ್ಲದ ಅವಶೇಷವನ್ನು ನಂಬುವುದು ಯಾರಿಗೂ ಕಡ್ಡಾಯವಲ್ಲ. ಅದು ಪ್ರೀತಿಯ ವಿಷಯ, ಈಮಾನಿನ ಭಾಗವಲ್ಲ. ದರ್ಗಾ ವಿಷಯದಲ್ಲಿ ನಮ್ಮಲ್ಲೇ ಮೂರು ದಾರಿ. ಸಂತರ ಮೂಲಕ ದೇವರಲ್ಲಿ ಬೇಡಬಹುದು ಎನ್ನುವ ಬರೇಲ್ವಿಗಳು, ಮಿತಿ ಹಾಕುವ ದೇವಬಂದಿಗಳು, ಬೇಡವೇ ಬೇಡ ಎನ್ನುವ ಅಹ್ಲೆ ಹದೀಸ್. ಸಂತನೇ ಸ್ವಂತ ಶಕ್ತಿಯಿಂದ ಕೊಡುತ್ತಾನೆ ಎಂದು ನಂಬುವುದು ತಪ್ಪು ಎಂಬಲ್ಲಿ ಮೂವರೂ ಒಂದೇ. ಅಲೆ ಹಬ್ಬದಲ್ಲಿ ಎಲ್ಲ ಜಾತಿಯವರೂ ಸೇರಿ ರಿವಾಯತ್ ಪದ ಹಾಡುವುದು ಈ ನಾಡಿನ ಬದುಕಿನ ಸೊಗಸು. ಅದನ್ನು ದೇವತಾಶಾಸ್ತ್ರದ ತಕ್ಕಡಿಗೆ ಹಾಕಿ ತೂಗುವುದು ನನಗೆ ಇಷ್ಟವಿಲ್ಲ.

ಜೋಳದರೊಟ್ಟಿ

ಮಳಿ ಪ್ರಶ್ನೆ ಯಾರೂ ಮುಟ್ಟಿಲ್ಲ.

ಬಾದಾಮಿಕಲ್ಲು

ನಾನು ಮುಟ್ಟುತ್ತೇನೆ. ಹಳ್ಳಿಯಲ್ಲಿ ಗುರ್ಜಿ ಆಡುತ್ತಾರೆ, ಕತ್ತೆ ಮದುವೆ ಮಾಡುತ್ತಾರೆ, ಈದ್ಗಾ ಮೈದಾನದಲ್ಲಿ ಇಸ್ತಿಸ್ಕಾ, ಅಂದರೆ ಮಳೆ ಬೇಡುವ ನಮಾಜು ಮಾಡುತ್ತಾರೆ. ಮೂರಕ್ಕೂ ಒಂದೇ ತೊಡಕು. ವಿಜಯಪುರಕ್ಕೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಜುಲೈಯಲ್ಲಿ ಮುಗಿಲು ಬಂದು ಹನಿ ಬೀಳದೆ ಹೋಗುವುದು ಇಲ್ಲಿಯ ವಾಡಿಕೆ, ಏಕೆಂದರೆ ಸಹ್ಯಾದ್ರಿ ದಾಟಿದ ಗಾಳಿಯಲ್ಲಿ ತೇವ ಕಳೆದಿರುತ್ತದೆ. ಜನ ಪ್ರಾರ್ಥನೆಗೆ ಹೊರಡುವುದು ಒಣ ಅವಧಿ ಬಹಳ ಉದ್ದವಾದಾಗ. ಆ ಹೊತ್ತಿಗೆ ಮಳೆಗಾಲದ ಜೋರು ತಿಂಗಳು ಹತ್ತಿರ ಬಂದಿರುತ್ತದೆ. ಏನೂ ಮಾಡದಿದ್ದರೂ ಮುಂದಿನ ವಾರಗಳು ಹಿಂದಿನವಕ್ಕಿಂತ ಒದ್ದೆಯಾಗಿರುವ ಸಂಭವ ಹೆಚ್ಚು. ನ್ಯಾಯವಾಗಿ ಪರೀಕ್ಷಿಸಬೇಕೆಂದರೆ ಒಂದೇ ತರದ ತಾಲ್ಲೂಕುಗಳ ಜೋಡಿ ಮಾಡಿ, ಯಾವುದರಲ್ಲಿ ಪ್ರಾರ್ಥನೆ ಎಂದು ಚೀಟಿ ಎತ್ತಿ, ಮಳೆಮಾಪಕದ ಅಂಕಿಯನ್ನು ಯಾವ ತಾಲ್ಲೂಕು ಎಂದು ತಿಳಿಯದವರಿಂದ ಹೋಲಿಸಬೇಕು. ರೋಗಿಗಳ ಮೇಲೆ ಇಂಥದ್ದು ನಡೆದಿದೆ: 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 1,802 ಹೃದಯ ಶಸ್ತ್ರಚಿಕಿತ್ಸೆ ರೋಗಿಗಳಿದ್ದರು, ದೂರದಿಂದ ಪರರು ಮಾಡಿದ ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ.

ಕಿಬ್ಲಾ_283

ಅಧ್ಯಯನದ ಫಲ ನನಗೆ ಅಚ್ಚರಿಯಲ್ಲ. ಇಸ್ತಿಸ್ಕಾ ಎಂದರೆ ಎರಡು ರಕಾತ್ (ಸುತ್ತು) ನಮಾಜು, ಬಯಲಿನಲ್ಲಿ, ಹಳೆಯ ಬಟ್ಟೆಯಲ್ಲಿ, ಇಮಾಮ್ ಹೊದೆದ ವಸ್ತ್ರವನ್ನು ತಿರುವಿ ಹಾಕಿಕೊಳ್ಳುತ್ತಾರೆ. ಅದಕ್ಕೂ ಮೊದಲು ದಾನ ಕೊಡಬೇಕು, ಅನ್ಯಾಯವಾಗಿ ಇಟ್ಟುಕೊಂಡದ್ದನ್ನು ಹಿಂದಿರುಗಿಸಬೇಕು ಎನ್ನುತ್ತಾರೆ ಶಾಸ್ತ್ರಜ್ಞರು. ಇದು ಕೊಳವೆಬಾವಿಯ ಸ್ವಿಚ್ ಅಲ್ಲ. ಬೇಡಿದ್ದು ಸಿಗಬಹುದು, ಪರಲೋಕಕ್ಕೆ ಉಳಿಯಬಹುದು, ಅಥವಾ ಅಷ್ಟೇ ಪ್ರಮಾಣದ ಕೇಡು ತಪ್ಪಬಹುದು ಎಂಬ ಹದೀಸಿದೆ.

ಬಾದಾಮಿಕಲ್ಲು

ಅಂದರೆ ಏನೇ ಆದರೂ ದುವಾ (ಬೇಡಿಕೆ) ಫಲಿಸಿತು ಎಂದಾಯಿತು. ಯಾವ ಫಲಿತಾಂಶದಿಂದಲೂ ಸುಳ್ಳಾಗದ ಮಾತು ಪುರಾವೆಯಾಗಲಾರದು.

ಕಿಬ್ಲಾ_283

ಒಪ್ಪುತ್ತೇನೆ. ಅದಕ್ಕೇ ದುವಾ ಫಲಿಸಿದ್ದನ್ನು ದೇವರಿರುವುದಕ್ಕೆ ಸಾಕ್ಷಿಯೆಂದು ನಾನು ಮುಂದಿಡುವುದಿಲ್ಲ.

ಪರೀಕ್ಷೆಗೆ ಸಿಗುವ ಭಾಗವನ್ನು ಬೇಕಾದರೆ ಪರೀಕ್ಷಿಸಿ. ವಿಜಯಪುರದಿಂದ ಮೆಕ್ಕಾದ ಕಾಬಾದ ದಿಕ್ಕು ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 283 ಡಿಗ್ರಿ, ಅಂದರೆ ನೇರ ಪಡುವಣದಿಂದ 13 ಡಿಗ್ರಿಯಷ್ಟು ಉತ್ತರಕ್ಕೆ. ಮೇ 28ರ ಮಧ್ಯಾಹ್ನ 2:48ಕ್ಕೆ, ಜುಲೈ 16ರ 2:57ಕ್ಕೆ ಸೂರ್ಯ ಕಾಬಾದ ನೆತ್ತಿಯ ಮೇಲಿರುತ್ತಾನೆ (ಅಧಿಕ ವರ್ಷದಲ್ಲಿ ಒಂದು ದಿನ ಮುಂಚೆ). ಆಗ ತೂಗುದಾರದಿಂದ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳ ತುದಿಯಿಂದ ಬುಡಕ್ಕೆ ಗೆರೆ ಎಳೆದರೆ ಅದೇ ಕಿಬ್ಲಾ, ನಮಾಜಿಗೆ ಮುಖ ಮಾಡುವ ದಿಕ್ಕು. ಮೊಬೈಲ್ ದಿಕ್ಸೂಚಿ ಸ್ಲ್ಯಾಬಿನ ಕಬ್ಬಿಣದ ಹತ್ತಿರ ಎಡವುತ್ತದೆ, ಸೂರ್ಯ ಎಡವುವುದಿಲ್ಲ. ಜುಲೈಯಲ್ಲಿ ಮೋಡ ಅಡ್ಡ ಬರುವುದೇ ಹೆಚ್ಚು, ಮೇ ತಿಂಗಳೇ ಒಳ್ಳೆಯದು. ಹನಫಿ ಶಾಸ್ತ್ರಪಂಥದಲ್ಲಿ ಎರಡೂ ಬದಿಗೆ 45 ಡಿಗ್ರಿವರೆಗೆ ತಪ್ಪಿದರೂ ನಮಾಜು ಸಿಂಧು, ಆದ್ದರಿಂದ ಹಳೆಯ ಮಸೀದಿಗಳ ಗೋಡೆ ಅಳೆದು ಗಲಾಟೆ ಮಾಡುವ ಅಗತ್ಯವಿಲ್ಲ.

ಜೋಳದರೊಟ್ಟಿ

ಹಂಗಾರ ಚಂದ್ರನ್ನ ಯಾಕ ಲೆಕ್ಕ ಹಾಕಂಗಿಲ್ಲ? ನಮಾಜಿನ ಹೊತ್ತು ಗಡಿಯಾರದಾಗ ಅಚ್ಚು ಹಾಕ್ತೀರಿ, ಈದಿಗೆ ಮಾತ್ರ ಮ್ಯಾಲ ನೋಡ್ಕೋತ ಕುಂದ್ರತೀರಿ.

ಸಿಂದಗಿ_ಓದುಗ

ನ್ಯಾಯವಾದ ಪ್ರಶ್ನೆ. ಮುಗಿಲು ಸ್ವಚ್ಛವಿದ್ದರೆ ಹನಫಿಗಳಿಗೆ ಬಹಳ ಜನರ ಸಾಕ್ಷಿ ಬೇಕು, ಮೋಡವಿದ್ದರೆ ರಮಜಾನಿಗೆ ಒಬ್ಬ ನಂಬಿಗಸ್ತ, ಈದಿಗೆ ಇಬ್ಬರು. ಸೂರ್ಯನಿಂದ ಚಂದ್ರ ಸುಮಾರು 7 ಡಿಗ್ರಿ ದೂರ ಸರಿಯುವ ತನಕ ಚಂದ್ರನ ಗೆರೆ ಕಾಣುವುದೇ ಇಲ್ಲ, ಅದನ್ನು ಗಣಿತ ಖಚಿತವಾಗಿ ಹೇಳುತ್ತದೆ. 1355ರಲ್ಲಿ ತೀರಿಕೊಂಡ ಸುಬ್ಕಿ ಎಂಬ ಶಾಫಿಈ ಪಂಥದ ಪಂಡಿತರು, ಕಾಣುವುದು ಅಸಾಧ್ಯ ಎಂದು ಗಣಿತ ಹೇಳಿದರೆ ಕಂಡೆ ಎಂಬ ಸಾಕ್ಷಿಯನ್ನು ತಳ್ಳಬೇಕು ಎಂದಿದ್ದರು. ಆ ಮಾತನ್ನು ಎಲ್ಲ ಚಂದ್ರದರ್ಶನ ಸಮಿತಿಗಳೂ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಶರಣಸಂಗಮ

ತರ್ಕ ಸಾಕು. 1876–78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಅಂದರೆ ಹೆಚ್ಚುಕಡಿಮೆ ಇವತ್ತಿನ ಈ ಎರಡೂ ಜಿಲ್ಲೆ, ನೆಲಕಚ್ಚಿತು. ಹಸಿದು ಸತ್ತ ಕೂಸು ಯಾವ ಪರೀಕ್ಷೆಗೆ ಕುಳಿತಿತ್ತು? ಕರುಣಾಮಯಿ ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೀರಿ.

ಕಿಬ್ಲಾ_283

ಇದಕ್ಕೆ ಮೆಲ್ಲಗೆ ಉತ್ತರಿಸಬೇಕು. ಆ ಬರದಲ್ಲಿ ಮನುಷ್ಯರ ಪಾಲು ದೊಡ್ಡದು. ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು, ಪರಿಹಾರ ಕಾಮಗಾರಿಯ ಕೂಲಿಯನ್ನು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯ ಮತ್ತು ಒಂದಾಣೆಯ ಮಟ್ಟಕ್ಕೆ ಇಳಿಸಿದ್ದರು. ಆದರೆ ಮಳೆ ನಿಂತದ್ದು ಮನುಷ್ಯರಿಂದಲ್ಲ, ನಿಮ್ಮ ಪ್ರಶ್ನೆ ಅಲ್ಲಿಯೇ ಇದೆ.

ಮುಅತಝಿಲಾ ಪಂಥದವರು ಹೇಳಿದ್ದು, ದೇವರು ನ್ಯಾಯವಂತನಾಗಿರಲೇಬೇಕು, ಆದ್ದರಿಂದ ತಪ್ಪಿಲ್ಲದೆ ನೊಂದ ಪ್ರತಿ ಜೀವಕ್ಕೂ, ಮಗುವಿಗೂ ಪಶುವಿಗೂ, ಪರಲೋಕದಲ್ಲಿ ಪರಿಹಾರ ಕೊಡಲೇಬೇಕು ಎಂದು. ಅಶ್ಅರಿಗಳು ದೇವರ ಮೇಲೆ ಯಾವ "ಲೇಬೇಕು" ಕೂಡ ಇಲ್ಲ, ಅವನು ಮಾಡುವುದೇ ನ್ಯಾಯ ಎಂದರು. ಎರಡನೆಯದು ನನ್ನನ್ನು ಸಮಾಧಾನಪಡಿಸುವುದಿಲ್ಲ. ಮೊದಲನೆಯದೂ ಪೂರ್ತಿ ಅಲ್ಲ, ಏಕೆಂದರೆ ನಂತರ ಕೊಡುವ ಪರಿಹಾರ ಮೊದಲು ಏಕೆ ನೋಯಿಸಿದೆ ಎಂಬುದಕ್ಕೆ ಉತ್ತರವಲ್ಲ. ಕೂಸು ಪರೀಕ್ಷೆಗೆ ಕುಳಿತಿರಲಿಲ್ಲ, ಅದಕ್ಕೆ ಲೆಕ್ಕ ಕೇಳುವುದಿಲ್ಲ ಎಂಬುದು ನಮ್ಮ ಶಾಸ್ತ್ರ. ಪರೀಕ್ಷೆ ಇದ್ದದ್ದು ಕಣಜ ತುಂಬಿಕೊಂಡಿದ್ದವರಿಗೆ. ಅದಕ್ಕಿಂತ ಮುಂದೆ ನನಗೆ ದಾರಿ ಕಾಣುವುದಿಲ್ಲ.

ತಿಕೋಟಾ_ದ್ರಾಕ್ಷಿ

ಕಣಜದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಬೆಳೆಯ ಮೇಲೆ ಉಶ್ರ್, ಅಂದರೆ ದಾನವಾಗಿ ಕೊಡಬೇಕಾದ ಪಾಲು ಇದೆ. ಮಳೆ ನೀರಿನ ಬೆಳೆಗೆ ಶೇ. 10, ಸ್ವಂತ ಖರ್ಚಿನ ನೀರಾವರಿಗೆ ಶೇ. 5. ಮಳೆಯಾಶ್ರಿತ ತೊಗರಿ 4 ಕ್ವಿಂಟಲ್ ಬಂದರೆ 40 ಕೆ.ಜಿ. ಬೋರ್‌ವೆಲ್ ಹನಿ ನೀರಾವರಿಯ ದ್ರಾಕ್ಷಿ 10 ಟನ್ ಆಗಿ, ಒಣಗಿಸಿ ನಾಲ್ಕಕ್ಕೆ ಒಂದರಂತೆ 2.5 ಟನ್ ಮಣೂಕ ಆದರೆ 125 ಕೆ.ಜಿ. ಹನಫಿಗಳಲ್ಲಿ ಗೊಬ್ಬರ, ಔಷಧಿ, ಕೂಲಿ ಕಳೆಯುವಂತಿಲ್ಲ, ಒಟ್ಟು ಬೆಳೆಯ ಮೇಲೆ ಲೆಕ್ಕ. ಕೊಡುವುದು ಕಟಾವಿನ ಹೊತ್ತಿಗೆ, ವರ್ಷ ಕಾಯುವ ಹಾಗಿಲ್ಲ. ಭಾರತದ ಜಮೀನಿಗೆ ಇದು ಕಡ್ಡಾಯವೇ ಎಂಬಲ್ಲಿ ಉಲೇಮಾಗಳಲ್ಲಿ (ಧರ್ಮಪಂಡಿತರಲ್ಲಿ) ಭಿನ್ನಾಭಿಪ್ರಾಯವಿದೆ. ನಮ್ಮವರು ಎಡವುವುದು, ಜಕಾತ್ (ಉಳಿತಾಯದ ಮೇಲಿನ ಕಡ್ಡಾಯ ದಾನ) ಕೊಟ್ಟೆವಲ್ಲ ಎಂದು ಇದನ್ನು ಮರೆಯುವುದರಲ್ಲಿ.

ಬಾದಾಮಿಕಲ್ಲು

ಜಕಾತ್ ಮಿತಿಯಲ್ಲೇ, ಅಂದರೆ ಎಷ್ಟಿದ್ದರೆ ಕೊಡಬೇಕು ಎಂಬುದರಲ್ಲೇ ಒಂದು ಪ್ರಶ್ನೆ. ಚಿನ್ನಕ್ಕೆ 87.48 ಗ್ರಾಂ, ಬೆಳ್ಳಿಗೆ 612.36 ಗ್ರಾಂ. ತೂಕದಲ್ಲಿ 1:7, ಅಂದು ಎರಡರ ಬೆಲೆಯೂ ಹೆಚ್ಚುಕಡಿಮೆ ಸಮ ಇತ್ತು. ಇಂದು ಎರಡು ಮಿತಿಗಳ ನಡುವೆ ಹಲವು ಪಟ್ಟು ಅಂತರ. ಎಲ್ಲ ಕಾಲಕ್ಕೂ ಕೊಟ್ಟ ನಿಯಮ ಮಾರುಕಟ್ಟೆಯಲ್ಲಿ ಹೀಗೆ ಸೀಳಬಹುದೇ?

ತಿಕೋಟಾ_ದ್ರಾಕ್ಷಿ

ಚಿನ್ನಕ್ಕೆ ಚಿನ್ನದ ಮಿತಿ, ಬೆಳ್ಳಿಗೆ ಬೆಳ್ಳಿಯದು, ಅದರಲ್ಲಿ ಸೀಳಿಲ್ಲ. ನೋಟಿಗೆ ಯಾವುದನ್ನು ಹಿಡಿಯಬೇಕು ಎಂಬುದು ಮನುಷ್ಯರ ತೀರ್ಮಾನ. ಬಡವರಿಗೆ ಹೆಚ್ಚು ಸಿಗಲಿ ಎಂದು ಬೆಳ್ಳಿ ಹಿಡಿಯುತ್ತಾರೆ. ಅದರಿಂದ ಅಲ್ಪಸ್ವಲ್ಪ ಉಳಿಸಿಟ್ಟ ಬಡವಿಯೂ ಕೊಡುವವರ ಸಾಲಿಗೆ ಬಂದುಬಿಡುತ್ತಾಳೆ, ನಿಜ. ಇದನ್ನು ಉಲೇಮಾಗಳು ಮತ್ತೆ ನೋಡಬೇಕು.

ಜೋಳದರೊಟ್ಟಿ

ಎಲ್ಲಾ ಮುಕ್ತವಾಗಿ ಮಾತಾಡಾಕತ್ತೀರಿ, ಛಲೋ. ಆದ್ರ ನಿಮ್ಮಾಗ ಒಬ್ಬಾಂವ ನಾಳೆ ನಂಬಿಕಿ ಬಿಟ್ರ? ಶಿಕ್ಷೆ ಮರಣ ಅಂತ ಶಾಸ್ತ್ರ ಹೇಳತೈತಲ್ಲ.

ಸಿಂದಗಿ_ಓದುಗ

ನಾಲ್ಕೂ ಮದ್ಹಬ್‌ಗಳ (ಶಾಸ್ತ್ರಪಂಥಗಳ) ಹಳೆಯ ಗ್ರಂಥಗಳಲ್ಲಿ ಹಾಗಿದೆ, ಮುಚ್ಚಿಡಲು ಏನೂ ಇಲ್ಲ. ಕುರಾನಿನಲ್ಲಿ ಅದಕ್ಕೆ ಈ ಲೋಕದ ಶಿಕ್ಷೆ ಹೇಳಿಲ್ಲ, ಆಧಾರ ಹದೀಸಿನದು. ಹನಫಿಗಳು ಧರ್ಮ ಬಿಟ್ಟ ಹೆಂಗಸಿಗೆ ಮರಣಶಿಕ್ಷೆ ಇಲ್ಲ ಎಂದರು, ಅವಳು ಯುದ್ಧಕ್ಕೆ ಬರುವವಳಲ್ಲ ಎಂಬ ಕಾರಣ ಕೊಟ್ಟು. ಅಂದರೆ ಅವರ ಮನಸ್ಸಿನಲ್ಲಿದ್ದದ್ದು ನಂಬಿಕೆಯ ಬದಲಾವಣೆಗಿಂತ ಶತ್ರುಸೈನ್ಯಕ್ಕೆ ಸೇರುವ ದ್ರೋಹ ಎಂದು ಇಂದಿನ ಹಲವು ವಿದ್ವಾಂಸರು ಓದುತ್ತಾರೆ. ನಾನು ಹಿಡಿಯುವುದು 2:256 ಮತ್ತು 18:29, ಒತ್ತಾಯವಿಲ್ಲ, ಬೇಕಾದವನು ನಂಬಲಿ ಬೇಡವಾದವನು ಬಿಡಲಿ. ಬಿಟ್ಟವನನ್ನು ಮನೆಯಿಂದ, ಆಸ್ತಿಯಿಂದ, ಮದುವೆಯಿಂದ ದೂರ ಇಡುವುದು ಇಲ್ಲಿ ನಡೆಯುವ ನಿಜವಾದ ಶಿಕ್ಷೆ. ಅದು ನಿಲ್ಲಬೇಕು.

ಬಾದಾಮಿಕಲ್ಲು

ಉಳಿದದ್ದು ನಾಲ್ಕನೇ ಪ್ರಶ್ನೆ. ಇಬ್ನ್ ಸೀನಾ ವಾದ ಪೂರ್ತಿ ಗೆದ್ದಿತು ಎಂದೇ ಇಟ್ಟುಕೊಳ್ಳಿ. ಅದರಿಂದ ಬರುವುದು ಒಂದು ಅನಿವಾರ್ಯ ಅಸ್ತಿತ್ವ. ಅದು ಪ್ರಾರ್ಥನೆ ಕೇಳುತ್ತದೆ, ಏಳನೇ ಶತಮಾನದ ಅರಬಸ್ಥಾನದಲ್ಲಿ ಮಾತಾಡಿತು ಎಂಬಲ್ಲಿಗೆ ಸೇತುವೆ ಎಲ್ಲಿ? ಅದನ್ನು ಕೆಡವಲು ಏನು ಸಾಕು?

ಕಿಬ್ಲಾ_283

ಆ ಸೇತುವೆ ತರ್ಕದ್ದಲ್ಲ. ಅಲ್ಲಿ ನಾನು ಒಬ್ಬ ಮನುಷ್ಯರ ಸಾಕ್ಷಿಯ ಮೇಲೆ ನಿಂತಿದ್ದೇನೆ, ಅವರ ಬದುಕು, ಅವರು ತಂದ ಪಠ್ಯ, ಅದು ನನ್ನೊಳಗೆ ಮಾಡುವ ಕೆಲಸ. ಮೂರನೆಯದು ನಿಮಗೆ ಪುರಾವೆಯಲ್ಲ ಎಂದು ಗೊತ್ತು. ಕೆಡವಲು ಏನು ಸಾಕು ಎಂದರೆ: ಪ್ರವಾದಿಯವರು ತಿಳಿದೂ ತಿಳಿದೂ ಜನರನ್ನು ವಂಚಿಸಿದರೆಂದು ಗಟ್ಟಿ ಚಾರಿತ್ರಿಕ ಸಾಕ್ಷಿ ಸಿಕ್ಕರೆ, ಅಥವಾ ಪಠ್ಯದ ಮುಖ್ಯ ಬೋಧೆ ಅವರ ನಂತರ ಬೇರೆಯವರು ಸೇರಿಸಿದ್ದೆಂದು ಹಸ್ತಪ್ರತಿಗಳು ತೋರಿಸಿದರೆ, ನನ್ನ ನಂಬಿಕೆ ನಿಲ್ಲುವುದಿಲ್ಲ. ಸನಾ ಪ್ರತಿಯ ಕೆಳಬರಹವನ್ನು ನಾನು ಗಂಭೀರವಾಗಿ ನೋಡುವುದು ಅದಕ್ಕೇ.

ಬಾದಾಮಿಕಲ್ಲು

ನನ್ನ ಕಡೆಯಿಂದಲೂ ಹೇಳುವುದು ನ್ಯಾಯ. ಎಲ್ಲಕ್ಕೂ ವಿವರಣೆ ಬೇಕು ಎಂಬ ನಿಯಮವನ್ನು ಇಚ್ಛೆಯ ತೊಡಕಿಗೆ ಸಿಕ್ಕದಂತೆ ಮಂಡಿಸಿ ತೋರಿಸಿದರೆ ಮೊದಲ ಮೂರು ಹೆಜ್ಜೆಯನ್ನು ಒಪ್ಪುತ್ತೇನೆ. ಖರ್ಜೂರದ ಉದಾಹರಣೆಗೆ ಇಬ್ನ್ ರುಶ್ದ್ ಕೊಟ್ಟ ಉತ್ತರವನ್ನು ಯಾರಾದರೂ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯಿರಿ, ಮುಂದಿನ ಮಾತು ಅಲ್ಲಿಂದ ಶುರುವಾಗಲಿ.